ನೋವು ಇಳಿದಿದೆ, ನರ ಇನ್ನೂ ಮರಳಿಲ್ಲ: ಜಿಮ್ ತರಬೇತುದಾರರಿಗೊಂದು ಬಹಿರಂಗ ಪತ್ರ



ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಆಚೆ ಐರೋಲಿಯಿಂದ ಖಾರ್‌ಘರ್‌ವರೆಗೆ ಜಿಮ್‌ಗಳಲ್ಲಿ ತರಬೇತಿ ಕೊಡುತ್ತಿರುವ ನಮ್ಮ ಕನ್ನಡಿಗ, ತುಳುವ ತಮ್ಮಂದಿರೇ, ತಂಗಿಯರೇ, ನಾನು ಡೊಂಬಿವಲಿ ಪೂರ್ವದಲ್ಲಿ ಫಿಸಿಯೋಥೆರಪಿ ಮಾಡುವವಳು. ಬೆನ್ನಿನ ಡಿಸ್ಕ್ ಜಾರಿ ಕಾಲಿನ ನರ ಒತ್ತಿಹೋದವರು, ಬೈಕಿನಿಂದ ಬಿದ್ದು ಹೆಗಲಿನ ನರಜಾಲಕ್ಕೆ ಪೆಟ್ಟು ಮಾಡಿಕೊಂಡವರು, ಭುಜದ ಕೀಲು ತಪ್ಪಿ ಕೈ ಮೇಲೆತ್ತಲಾರದವರು ನನ್ನ ಹತ್ತಿರ ಬರುತ್ತಾರೆ. ನೋವು ತುಸು ಇಳಿದ ಕೂಡಲೇ ಹುಡುಗರು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಜಿಮ್ಮಿಗೆ ಯಾವಾಗ ಹೋಗ್ಲಿ?" ನಾನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಆದರೆ ಬೆಳಗ್ಗೆ ಐದೂವರೆಗೆ ರಾಡಿನ ಪಕ್ಕ ನಿಂತು "ಇನ್ನೊಂದು ಪ್ಲೇಟ್ ಹಾಕು" ಎನ್ನುವವರೂ "ಇವತ್ತಿಗೆ ಸಾಕು" ಎನ್ನುವವರೂ ನೀವೇ. ಆ ಹುಡುಗನಿಗೆ ನನ್ನ ಚೀಟಿಗಿಂತ ನಿಮ್ಮ ಮಾತು ದೊಡ್ಡದು. ಅದಕ್ಕೇ ಈ ಪತ್ರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನರಕ್ಕೆ ಪೆಟ್ಟಾದವರಲ್ಲಿ ನೋವು ಹೋಗುವುದಕ್ಕೂ ಶಕ್ತಿ ಮರಳುವುದಕ್ಕೂ ನಡುವೆ ಎಷ್ಟೋ ತಿಂಗಳು ಕಳೆಯಬಹುದು. ಅನಾಹುತ ಆಗುವುದು ಆ ನಡುವಿನ ತಿಂಗಳುಗಳಲ್ಲಿ. "ನೋವಿದೆಯಾ?" ಎಂದಷ್ಟೇ ಕೇಳಿ ಭಾರ ಏರಿಸಬೇಡಿ. ಶಕ್ತಿ ಎಷ್ಟಿದೆ ಎಂದು ಅಳೆದು ಏರಿಸಿ.

ಸ್ನಾಯು ಎಳೆದುಕೊಂಡರೆ ಏನು ಮಾಡಬೇಕು, ಎಷ್ಟು ದಿನ ಬಿಡುವು ಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ನರದ ಲೆಕ್ಕ ಬೇರೆ. ಸೆಂಟ್ರಲ್ ಲೈನಿನಲ್ಲಿ ದಿನಾ ಓಡಾಡುವ ನಮಗೆ ಇದು ಬೇಗ ಅರ್ಥವಾದೀತು: ಹಳಿ ಗಟ್ಟಿ ಇದ್ದು, ಡಬ್ಬಿಗಳೆಲ್ಲ ಹೊಸತಾಗಿದ್ದರೂ ಓವರ್‌ಹೆಡ್ ವಯರ್ ಕಡಿದರೆ ಲೋಕಲ್ ಕದಲುವುದಿಲ್ಲ. ತೊಡೆ, ಮೀನಖಂಡ ಎಷ್ಟೇ ದಪ್ಪ ಬೆಳೆದಿರಲಿ, ನರದಿಂದ ಸಂದೇಶ ಬಾರದಿದ್ದರೆ ಆ ಸ್ನಾಯು ಸುಮ್ಮನಿರುತ್ತದೆ, ಕೆಲವೇ ವಾರಗಳಲ್ಲಿ ಸೊರಗತೊಡಗುತ್ತದೆ.

ಇಂಗ್ಲೆಂಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದರು. ವೈದ್ಯರು ಇಂದಿಗೂ ಅದನ್ನೇ ಹಿಡಿದು ಮಾತಾಡುತ್ತಾರೆ. ಮೊದಲನೆಯದರಲ್ಲಿ ನರದ ಹೊದಿಕೆಗಷ್ಟೇ ಪೆಟ್ಟು. ಒಳಗಿನ ಎಳೆ ಸರಿಯಾಗಿಯೇ ಇರುತ್ತದೆ, ಕೆಲವು ದಿನಗಳಿಂದ ಸುಮಾರು ಮೂರು ತಿಂಗಳೊಳಗೆ ಶಕ್ತಿ ವಾಪಸ್ ಬರುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಯೇ ತುಂಡಾಗಿರುತ್ತದೆ, ಸುತ್ತಲಿನ ಕೊಳವೆ ಮಾತ್ರ ಉಳಿದಿರುತ್ತದೆ. ಪೆಟ್ಟಾದ ಜಾಗದಿಂದ ಕೆಳಗಿನ ಎಳೆ ನಾಶವಾಗಿ, ಮೇಲಿನ ತುದಿಯಿಂದ ಹೊಸ ಎಳೆ ಬೆಳೆದು ಬರಬೇಕು. ಅದು ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಎರಡೂವರೆ ಮೂರು ಸೆಂಟಿಮೀಟರ್. ಮೂರನೆಯದು ನರ ಪೂರ್ತಿ ಕಡಿದುಹೋಗಿರುವುದು. ಅದು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡುವುದಿಲ್ಲ.

ಈ 1 ಮಿಲಿಮೀಟರನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊಣಕಾಲಿನ ಹೊರಬದಿಯ ಎಲುಬಿನ ಗಂಟಿನ ಬಳಿ ಎಳೆ ತುಂಡಾದರೆ, ಪಾದವನ್ನು ಮೇಲೆತ್ತುವ ಸ್ನಾಯುವನ್ನು ತಲುಪಲು ಹತ್ತು ಸೆಂಟಿಮೀಟರಿನಷ್ಟು ದಾರಿ, ಅಂದರೆ ಮೂರು ತಿಂಗಳಿಗಿಂತ ಹೆಚ್ಚು. ಕುತ್ತಿಗೆಯ ಬುಡದಲ್ಲಿ ಹರಿದರೆ ಅಂಗೈಯವರೆಗೆ ಎಪ್ಪತ್ತು ಸೆಂಟಿಮೀಟರ್, ಎರಡು ವರ್ಷದ ದಾರಿ. ಸಂದೇಶವಿಲ್ಲದ ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ಒಂದು, ಒಂದೂವರೆ ವರ್ಷ ಕಳೆದರೆ ನರವನ್ನು ಬರಮಾಡಿಕೊಳ್ಳುವ ಶಕ್ತಿಯನ್ನೇ ಅದು ಕಳೆದುಕೊಳ್ಳುತ್ತದೆ. ಬೈಕಿನಿಂದ ಬಿದ್ದವನ ಕೈ ಮೂರು ತಿಂಗಳಾದರೂ ಅಲ್ಲಾಡದಿದ್ದರೆ "ತನ್ನಿಂದ ತಾನೇ ಸರಿಹೋಗುತ್ತೆ" ಎಂದು ಕೂರದೆ ನರದ ಶಸ್ತ್ರವೈದ್ಯರನ್ನು ಕಾಣಲೇಬೇಕು ಎನ್ನುವುದು ಇದಕ್ಕೇ. ಪ್ರೋಟೀನಿನಿಂದಾಗಲೀ ಹೆಚ್ಚು ಸೆಟ್ ಹೊಡೆಸುವುದರಿಂದಾಗಲೀ ಈ ವೇಗವನ್ನು ಎರಡು ಪಟ್ಟು ಮಾಡಲು ಆಗುವುದಿಲ್ಲ.

ನೆರೂಳಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ಕುಂದಾಪುರ ಕಡೆಯವರು, ತಂದೆಗೆ ಹೋಟೆಲಿನಲ್ಲಿ ಕ್ಯಾಶಿಯರ್ ಕೆಲಸ. ಡೆಡ್‌ಲಿಫ್ಟ್ ಮಾಡುವಾಗ ಸೊಂಟ ಹಿಡಿಯಿತು, ಎಡಗಾಲಿಗೆ ಚಳುಕು ಇಳಿಯಿತು. ಕೆಲವು ವಾರಗಳ ವಿಶ್ರಾಂತಿಯಲ್ಲಿ ನೋವೆಲ್ಲ ಹೋಯಿತು, ಹುಡುಗ ಸ್ಕ್ವಾಟ್ ಶುರುಮಾಡಿದ. ಕನ್ನಡಿಯಲ್ಲಿ ನೋಡಿದರೆ ಎಲ್ಲ ನೆಟ್ಟಗಿತ್ತು. ವ್ಯತ್ಯಾಸ ಮೊದಲು ಕಂಡದ್ದು ಅವನ ತಾಯಿಗೆ. ಎಡಗಾಲಿನ ಚಪ್ಪಲಿ ನಡೆಯುತ್ತಾ ನಡೆಯುತ್ತಾ ಅವನಿಗೆ ಗೊತ್ತಾಗದಂತೆ ಕಳಚಿ ಹಿಂದೆ ಉಳಿಯುತ್ತಿತ್ತು. ಸ್ಟೇಷನ್ನಿನ ಸೇತುವೆ ಇಳಿಯುವಾಗ ಬಲಗಾಲು ಸದ್ದಿಲ್ಲದೆ ಊರುತ್ತಿತ್ತು, ಎಡಪಾದ ಮಾತ್ರ ಟಪ್ ಎಂದು ಬಡಿಯುತ್ತಿತ್ತು. ನನ್ನ ಮುಂದೆ ಹಿಮ್ಮಡಿಯ ಮೇಲೆ ನಡೆ ಎಂದಾಗ ಬಲಪಾದದ ಮುಂಭಾಗ ಮೇಲೆದ್ದಿತು, ಎಡಗಾಲಿನ ಹೆಬ್ಬೆರಳು ನೆಲ ಬಿಡಲಿಲ್ಲ. ಇದಕ್ಕೆ ಫುಟ್ ಡ್ರಾಪ್ ಎನ್ನುತ್ತಾರೆ. ಸೊಂಟದ ಕೆಳಭಾಗದ ಐದನೇ ನರಬೇರು ಒತ್ತಿದರೆ ಹೀಗಾಗುತ್ತದೆ. ಅಷ್ಟು ದಿನ ಅವನು ಹೊತ್ತ ಭಾರವನ್ನೆಲ್ಲ ಬಲಗಾಲೇ ಹೊತ್ತಿತ್ತು. ಟ್ರೆಡ್‌ಮಿಲ್ಲಿನಲ್ಲಿ ಒಂದು ದಿನ ಎಡಗಾಲಿನ ಬೆರಳು ಬೆಲ್ಟಿಗೆ ಸಿಕ್ಕಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ನನ್ನ ಹತ್ತಿರ ಬಂದ.

ಎರಡು ಕೈ, ಎರಡು ಕಾಲು ಕೂಡಿ ಎತ್ತುವ ರಾಡು ದೌರ್ಬಲ್ಯವನ್ನು ಮುಚ್ಚಿಡುತ್ತದೆ. ನಮ್ಮ ದೇಹ ಬಲು ಜಾಣ. ಒಂದು ಸ್ನಾಯು ಸೋತರೆ ಪಕ್ಕದ್ದು, ಇಲ್ಲವೇ ಆಚೆ ಬದಿಯದ್ದು ಕೆಲಸ ವಹಿಸಿಕೊಳ್ಳುತ್ತದೆ. ನರದ ಪೆಟ್ಟಿನಿಂದ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಡಂಬೆಲ್, ಕೇಬಲ್, ಒಂದು ಕಾಲಿನ ಲೆಗ್ ಪ್ರೆಸ್ ಕೊಡಿ. ದುರ್ಬಲ ಬದಿಯಿಂದ ಶುರುಮಾಡಿಸಿ. ಅದು ಎಂಟು ಸಲ ಮಾಡಿ ದಣಿದರೆ ಗಟ್ಟಿ ಬದಿಗೂ ಅದೇ ಭಾರ, ಅದೇ ಎಂಟು.

ಶಕ್ತಿ ಅಳೆಯುವ ಕ್ರಮ ಹೇಳುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಗಾಯಾಳು ಸೈನಿಕರ ಪರೀಕ್ಷೆಗೆಂದು ಸೊನ್ನೆಯಿಂದ ಐದರವರೆಗಿನ ದರ್ಜೆ ರೂಪಿಸಿತು. ನಿಮ್ಮ ಹತ್ತಿರ ಬರುವವರ ರಿಪೋರ್ಟಿನಲ್ಲಿ "ಪವರ್ 4/5" ಎಂದು ಕಾಣುವುದು ಅದೇ. ಮೂರು ಎಂದರೆ ಆ ಅಂಗವನ್ನು ಅದರ ಸ್ವಂತ ತೂಕದ ವಿರುದ್ಧ ಎತ್ತಬಲ್ಲ, ಅಷ್ಟೇ. ಮೂರಕ್ಕಿಂತ ಕೆಳಗಿದ್ದರೆ ಆ ಸ್ನಾಯುವಿನ ಕೆಲಸ ಫಿಸಿಯೋಥೆರಪಿ ಕೋಣೆಯಲ್ಲಿ, ಜಿಮ್ಮಿನಲ್ಲಲ್ಲ. ನಾಲ್ಕು ಕಂಡು ಮೋಸಹೋಗಬೇಡಿ. ವೈದ್ಯರ ಕೈ ಒತ್ತಡವನ್ನು ಸ್ವಲ್ಪ ತಡೆದವನಿಗೂ ನಾಲ್ಕು, ಬಹುಮಟ್ಟಿಗೆ ಗುಣವಾದವನಿಗೂ ನಾಲ್ಕು. ಮೀನಖಂಡದ ವಿಷಯದಲ್ಲಂತೂ ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ, ಅದು ಅಷ್ಟು ಬಲವಾದ ಸ್ನಾಯು. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿಸಿ, ಎಣಿಸಿ. ಸರಿ ಇರುವ ಕಾಲು ಇಪ್ಪತ್ತರ ಆಸುಪಾಸು ಮಾಡಿ, ಪೆಟ್ಟಾದ ಕಾಲು ಏಳಕ್ಕೇ ನಿಂತರೆ ರಿಪೋರ್ಟಿನಲ್ಲಿ ಐದು ಇದ್ದರೂ ನಂಬಬೇಡಿ. ಕಾಲಿಗೆ ಹಿಮ್ಮಡಿ ನಡಿಗೆ ಮತ್ತು ಹಿಮ್ಮಡಿ ಎತ್ತುವ ಎಣಿಕೆ, ಕೈಗೆ ಮಣಿಕಟ್ಟು ಮೇಲೆತ್ತುವುದು ಮತ್ತು ಬೆರಳು ಅಗಲಿಸುವುದು, ಭುಜಕ್ಕೆ ಗೋಡೆಗೆ ಕೈಯೂರಿ ತಳ್ಳುವುದು. ಐದು ನಿಮಿಷದ ಕೆಲಸ. ಎಡ ಇಷ್ಟು, ಬಲ ಇಷ್ಟು ಎಂದು ತಾರೀಕಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಕಿ ಏರುತ್ತಿದ್ದರೆ ಮುಂದುವರಿಸಿ, ನಿಂತಲ್ಲೇ ನಿಂತಿದ್ದರೆ ಭಾರವನ್ನೂ ಅಲ್ಲೇ ನಿಲ್ಲಿಸಿ, ಇಳಿದರೆ ಆ ದಿನವೇ ವೈದ್ಯರ ಬಳಿ ಕಳುಹಿಸಿ.

ದೊಡ್ಡ ಆಟಗಾರರಿಗೂ ಈ ದಾರಿ ಸಪಾಟಾಗಿ ಇರುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ, ತಾಯಿಯ ಕಡೆಯಿಂದ ತುಳುವರಾದ ಶ್ರೇಯಸ್ ಅಯ್ಯರ್ ಅವರನ್ನೇ ನೋಡಿ. 2023ರ ಮಾರ್ಚಿನಲ್ಲಿ ಅಹಮದಾಬಾದ್ ಟೆಸ್ಟಿನಲ್ಲಿ ಬೆನ್ನುನೋವಿನಿಂದ ಅವರಿಗೆ ಬ್ಯಾಟ್ ಹಿಡಿಯಲಾಗಲಿಲ್ಲ. ಡಿಸ್ಕ್ ಜಾರಿ ನರ ಒತ್ತಿತ್ತು, ನೋವು ಕಾಲಿನ ಕಿರುಬೆರಳಿನವರೆಗೆ ಇಳಿಯುತ್ತಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡರು. ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ, ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ. ಐಪಿಎಲ್ ಹೋಯಿತು, ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಹೋಯಿತು. ಏಷ್ಯಾ ಕಪ್ಪಿಗೆ ಮರಳಿದ ಮೇಲೂ ಬೆನ್ನು ಹಿಡಿದು ಮತ್ತೆ ಹೊರಗೆ ಕೂತರು. ಆಮೇಲೆ ಸೆಪ್ಟೆಂಬರ್ 24ರಂದು ಇಂದೋರಿನಲ್ಲಿ ಶತಕ, ನವೆಂಬರ್ 15ರಂದು ನಮ್ಮ ವಾಂಖೆಡೆಯಲ್ಲೇ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ 70 ಎಸೆತಗಳಿಗೆ 105. ಆ ವಿಶ್ವಕಪ್ಪಿನಲ್ಲಿ ಒಟ್ಟು 530 ರನ್. ಪೂರ್ಣಾವಧಿ ಫಿಸಿಯೋ, ತಜ್ಞ ವೈದ್ಯರು, ಕೈತುಂಬ ಸಮಯ ಇದ್ದವರಿಗೂ ನಾಲ್ಕು ತಿಂಗಳಿಗಿಂತ ಹೆಚ್ಚು ಹಿಡಿಯಿತು, ಮಧ್ಯೆ ಒಮ್ಮೆ ಹಿನ್ನಡೆಯೂ ಆಯಿತು. ಹಾಗಿರುವಾಗ ಎಂಟು ಗಂಟೆ ಕುಳಿತು ಕೆಲಸ ಮಾಡಿ, ಮೂರು ಗಂಟೆ ಪ್ರಯಾಣ ಮಾಡುವ ನಮ್ಮ ಹುಡುಗನನ್ನು ಆರು ವಾರಕ್ಕೆ ಹಳೆಯ ಭಾರಕ್ಕೆ ತಂದು ನಿಲ್ಲಿಸುವ ಅವಸರ ಯಾಕೆ?

ಭಾರದ ಬಗ್ಗೆ ನಾನು ಅನುಸರಿಸುವ ಕ್ರಮ ಹೀಗಿದೆ. ವೈದ್ಯರು ಒಪ್ಪಿದ ಮೇಲೆ, ಹಳೆಯ ಭಾರದ ಮೂರನೇ ಒಂದು ಪಾಲಿನಿಂದ ಶುರು. ಹನ್ನೆರಡರಿಂದ ಹದಿನೈದು ಸಲ ಎತ್ತಬೇಕು, ನಿಲ್ಲಿಸಿದಾಗ ಇನ್ನೂ ಮೂರ್ನಾಲ್ಕು ಸಲ ಎತ್ತುವ ತ್ರಾಣ ಉಳಿದಿರಬೇಕು. ಫೇಲ್ಯೂರ್‌ವರೆಗೆ ಹೋಗುವುದು, ಡ್ರಾಪ್ ಸೆಟ್, ನೀವು ಕೈಜೋಡಿಸಿ ಬಲವಂತದಿಂದ ಎತ್ತಿಸುವುದು ಇವು ಯಾವುವೂ ಈಗ ಬೇಡ. ಅರ್ಧ ಎಳೆಗಳಷ್ಟೇ ಮರಳಿರುವ ಸ್ನಾಯು ಬಹಳ ಬೇಗ ದಣಿಯುತ್ತದೆ. ಸೆಟ್ಟಿನ ಕೊನೆಯಲ್ಲಿ ಪಾದ ಜೋತುಬಿದ್ದರೆ, ಮಣಿಕಟ್ಟು ಬಾಗಿದರೆ ಅಲ್ಲಿಗೆ ನಿಲ್ಲಿಸಿ. ಒಂದು ದಿನ ಮಾಡಿಸಿ ಮರುದಿನ ಆ ಭಾಗಕ್ಕೆ ಬಿಡುವು ಕೊಡಿ. ವಾರಕ್ಕೊಮ್ಮೆ ಶೇಕಡಾ ಐದರಿಂದ ಹತ್ತು ಏರಿಸಬಹುದು, ಆದರೆ ಮರುದಿನ ಬೆಳಗ್ಗೆ ವಿಚಾರಿಸಿದ ಮೇಲೆ. ವ್ಯಾಯಾಮದ ನಂತರ ಜುಮ್ ಎಂದು ಕೆಲವು ನಿಮಿಷಗಳಲ್ಲಿ ಅಡಗಿದರೆ ಹೆದರಬೇಕಿಲ್ಲ. ಅದೇ ಜೋಮು ಮಲಗುವ ಹೊತ್ತಿಗೂ ಇದ್ದು, ಬೆಳಗ್ಗೆ ಎದ್ದಾಗಲೂ ಉಳಿದಿದ್ದರೆ ಹಿಂದಿನ ದಿನದ ಭಾರ ಹೆಚ್ಚಾಯಿತು ಎಂದೇ ಅರ್ಥ.

ಡಿಸ್ಕಿನವರಲ್ಲಿ ನೋವಿನ ಪ್ರಮಾಣಕ್ಕಿಂತ ಅದು ಇರುವ ಜಾಗ ಮುಖ್ಯ. ಪಾದದಲ್ಲಿದ್ದ ನೋವು ಮೊಣಕಾಲಿಗೆ, ಅಲ್ಲಿಂದ ಪೃಷ್ಠಕ್ಕೆ, ಕೊನೆಗೆ ಸೊಂಟಕ್ಕೆ ಸರಿಯುತ್ತಾ ಬಂದರೆ ಸೊಂಟದ ನೋವು ತುಸು ಹೆಚ್ಚಿದ್ದರೂ ಅದು ಒಳ್ಳೆಯ ಲಕ್ಷಣ. ಸೊಂಟದಲ್ಲಿದ್ದದ್ದು ಕಾಲಿಗೆ ಇಳಿಯತೊಡಗಿದರೆ ಆ ವ್ಯಾಯಾಮವನ್ನು ಕೂಡಲೇ ಬಿಡಿಸಿ. ಇನ್ನೊಂದು ವಿಷಯ ನಿಮ್ಮ ಬೆಳಗಿನ ಬ್ಯಾಚಿಗೆ ಸಂಬಂಧಪಟ್ಟದ್ದು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಎದ್ದ ಮೊದಲ ಒಂದು ಗಂಟೆ ಬಾಗಿದಾಗ ಅದರ ಮೇಲಿನ ಒತ್ತಡ ಹೆಚ್ಚು. ಏಳರ ಫಾಸ್ಟ್ ಲೋಕಲ್ ಹಿಡಿಯಬೇಕೆಂದು ಹಾಸಿಗೆಯಿಂದ ನೇರ ಜಿಮ್ಮಿಗೆ ಬರುವವರಿಗೆ ಡೆಡ್‌ಲಿಫ್ಟ್, ಟೋ ಟಚ್, ಸಿಟ್‌ಅಪ್ ಬೇಡವೇ ಬೇಡ. ಆ ದಿನ ನಡಿಗೆ, ಎದೆ, ಬೆನ್ನಿನ ಮೇಲ್ಭಾಗ ಮಾಡಿಸಿ, ಬಾಗುವ ಕೆಲಸ ಸಂಜೆಗೋ ಭಾನುವಾರಕ್ಕೋ ಇರಲಿ.

ನರವನ್ನು "ಬಿಡಿಸಲು" ಕಾಲನ್ನು ಮೇಲಕ್ಕೆತ್ತಿ ಜಗ್ಗುವುದು ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ನರವನ್ನು ಅದರ ಉದ್ದದ ಶೇಕಡಾ 15ರಷ್ಟು ಎಳೆದು ಹಿಡಿದರೆ ಒಳಗಿನ ರಕ್ತಸಂಚಾರ ನಿಂತೇಹೋಗುತ್ತದೆ ಎಂದು ಮೊಲಗಳ ಮೇಲೆ ನಡೆಸಿದ ಪ್ರಯೋಗದಿಂದ 1973ರಲ್ಲೇ ತಿಳಿದುಬಂದಿದೆ. ಕುತ್ತಿಗೆ ಲಟಕ್ ಎನಿಸುವ ವಿಡಿಯೋಗಳನ್ನು ನೋಡಿ ಜಿಮ್ಮಿನಲ್ಲೇ ಬೆನ್ನು, ಕುತ್ತಿಗೆ ತಿರುಚುವವರೂ ಇದ್ದಾರೆ. ನರ ಒತ್ತಿರುವವನ ಕುತ್ತಿಗೆಗೆ ನೀವು ಕೈ ಹಾಕಬಾರದು, ಬೇರೆಯವರಿಗೂ ಹಾಕಲು ಬಿಡಬಾರದು.

ಭುಜದವರ ಬಗ್ಗೆ ಸ್ವಲ್ಪ ಹೇಳಬೇಕು. ಗೋಡೆ ತಳ್ಳುವಾಗ ಹೆಗಲ ಹಿಂದಿನ ಹಲಗೆ ಎಲುಬು ರೆಕ್ಕೆಯ ಹಾಗೆ ಹೊರಗೆ ಎದ್ದುಬಂದರೆ ಎದೆಗೂಡಿನ ಪಕ್ಕದಲ್ಲಿ ಇಳಿಯುವ ಉದ್ದ ನರಕ್ಕೆ ಪೆಟ್ಟಾಗಿರಬಹುದು. ಅಂಥವರಿಗೆ ತಲೆಯ ಮೇಲೆ ಭಾರ ಎತ್ತಿಸಬೇಡಿ. ಭಾರದ ಬ್ಯಾಗಿನ ಪಟ್ಟಿ ಹೆಗಲನ್ನು ಒತ್ತಿಯೂ ಹೆಗಲಿನ ನರಗಳು ಸೋಲುವುದುಂಟು, ವೈದ್ಯಕೀಯದಲ್ಲಿ ಇದಕ್ಕೆ ರಕ್‌ಸ್ಯಾಕ್ ಪಾಲ್ಸಿ ಎಂಬ ಹೆಸರೇ ಇದೆ. ಲ್ಯಾಪ್‌ಟಾಪ್, ಡಬ್ಬಿ, ಜಿಮ್ಮಿನ ಬೂಟು ತುಂಬಿದ ಬ್ಯಾಗ್ ಹೊತ್ತು, ಒಂದು ಕೈಯಲ್ಲಿ ಹಿಡಿಕೆಗೆ ಜೋತುಬಿದ್ದು ಡೊಂಬಿವಲಿಯಿಂದ ದಾದರಿನವರೆಗೆ ನಿಂತು ಹೋಗುವವನ ಭುಜ ಜಿಮ್ಮಿಗೆ ಬರುವ ಮೊದಲೇ ದಣಿದಿರುತ್ತದೆ. ಮೊಣಕೈಯ ನರದ ತೊಂದರೆ ಇರುವವರಿಗೆ, ಅಂದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುವವರಿಗೆ, ಮೊಣಕೈ ಪೂರ್ತಿ ಮಡಚುವ ಟ್ರೈಸೆಪ್ಸ್ ವ್ಯಾಯಾಮ ಬಿಡಿಸಿ. ಸ್ಪರ್ಶ ಗೊತ್ತಾಗದ ಕೈಗೆ ಬೆಂಚಿನ ಮೇಲೆ ಮಲಗಿಸಿ ಡಂಬೆಲ್ ಕೊಡಬೇಡಿ, ಮುಖದ ಮೇಲೆ ಬಿದ್ದೀತು. ಮೆಷಿನ್ ಸಾಕು.

ನಮ್ಮವರಲ್ಲಿ ಹೋಟೆಲಿನ ಕೆಲಸದವರು ಬಹಳ. ಅಂಥವರು ಬಂದಾಗ ಕೆಲಸದಲ್ಲಿ ಏನು ಎತ್ತುತ್ತೀರಿ ಎಂದು ಕೇಳಿ. 19 ಕಿಲೋ ಗ್ಯಾಸಿನ ಸಿಲಿಂಡರ್ ಕಬ್ಬಿಣದ ತೂಕವೂ ಸೇರಿ 35 ಕಿಲೋ ದಾಟುತ್ತದೆ. ಹಿಟ್ಟಿನ ಪಾತ್ರೆ, ಅಕ್ಕಿ ಮೂಟೆ ಬೇರೆ. ದಿನವಿಡೀ ಅದನ್ನೇ ಹೊತ್ತವನಿಗೆ ಸಂಜೆ ಜಿಮ್ಮಿನಲ್ಲಿ ಬೆನ್ನಿನ ಭಾರ ಬೇಡ, ಸರಿಯಾಗಿ ಕುಕ್ಕರಗಾಲಲ್ಲಿ ಕೂತು ಎತ್ತುವ ಕ್ರಮ ಕಲಿಸಿಕೊಡಿ. ಅದೇ ಅವನಿಗೆ ದೊಡ್ಡ ತರಬೇತಿ.

ಔಷಧದ ವಿಷಯದಲ್ಲಿ ನಿಮ್ಮ ಪಾತ್ರ ಸಣ್ಣದು, ಆದರೆ ಮುಖ್ಯ. ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನೋವು ಕಡಿಮೆ ಕಾಣುತ್ತದೆ, ತಲೆಯೂ ತಿರುಗಬಹುದು. ಮಾತ್ರೆಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನರಕ್ಕೆಂದು ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳುವವರು ಬಹಳ. ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆ ಇರುವುದು ಹೆಚ್ಚು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಆದರೆ ಬಿ6 ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಹಾಳುಮಾಡುತ್ತದೆ. ಜಿಮ್ಮಿನ ಕೌಂಟರಿನಿಂದ ನರದ ಮಾತ್ರೆ ಮಾರುವುದನ್ನು ನಿಲ್ಲಿಸಿ.

ಕಾಯಲೇಬಾರದ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಕುಳಿತಾಗ ಆಸನಕ್ಕೆ ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಎರಡೂ ಕಾಲು ಸೋತರೆ ಅದು ಅದೇ ದಿನದ, ಅದೇ ಗಂಟೆಯ ತುರ್ತು. ಸೋಮವಾರದ ಓಪಿಡಿಗೆ ಕಾದರೆ ಮೂತ್ರದ ಹಿಡಿತ ಜೀವನಪೂರ್ತಿ ಹೋಗಬಹುದು. ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ಸೇರಿಸಿ. ಮಹಾನಗರಪಾಲಿಕೆಯ ಆಸ್ಪತ್ರೆ ಬೇಕಿದ್ದರೆ ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಸಯನ್ ಆಸ್ಪತ್ರೆ, ಪರೇಲಿನ ಕೆಇಎಂ ಇವೆ. ಹೊಸದಾಗಿ ಪಾದ ಜೋತುಬಿದ್ದರೆ, ಕೈ ಎತ್ತಲಾಗದಿದ್ದರೆ ಒಂದೆರಡು ದಿನದೊಳಗೆ ತಜ್ಞರಿಗೆ ತೋರಿಸಬೇಕು. ನರದ ವಿದ್ಯುತ್ ಪರೀಕ್ಷೆ ಪೆಟ್ಟಾಗಿ ಮೂರು ವಾರ ಕಳೆದ ಮೇಲೆ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಮೊದಲ ವಾರದ ರಿಪೋರ್ಟ್ ಸರಿ ಇದೆಯೆಂದು ಯಾರಾದರೂ ತೋರಿಸಿದರೆ ಮತ್ತೆ ವೈದ್ಯರನ್ನು ಕೇಳಲು ಹೇಳಿ. ಪಾದಕ್ಕೆ ಪಟ್ಟಿ, ಬ್ರೇಸ್, ದೀರ್ಘಕಾಲದ ಪುನಶ್ಚೇತನ ಬೇಕಾದವರಿಗೆ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಇದೆ. ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆ ಹಿಡಿದು ಮಹಾಲಕ್ಷ್ಮಿಗೆ ಹೋದರೆ ಹತ್ತಿರ.

ಕೆಲವರ ನರ ಪೂರ್ತಿ ಮರಳುವುದಿಲ್ಲ. ಅವರನ್ನು ಬಾಗಿಲಿನಿಂದಲೇ ಕಳುಹಿಸಬೇಡಿ. ಪೋಲಿಯೊ ಬೆನ್ನುಹುರಿಯೊಳಗಿನ ನರಕೋಶಗಳನ್ನೇ ಕೊಲ್ಲುತ್ತದೆ. ಆ ಕಾಯಿಲೆಯಿಂದ ಕಾಲಿನ ಶಕ್ತಿ ಕಳೆದುಕೊಂಡ ಬೆಂಗಳೂರಿನ ಫರ್ಮಾನ್ ಬಾಷಾ ಬೆಂಚಿನ ಮೇಲೆ ಮಲಗಿ ಭಾರ ಎತ್ತಿ ದೇಶವನ್ನು ಪ್ರತಿನಿಧಿಸಿದರು, ಅರ್ಜುನ ಪ್ರಶಸ್ತಿ ಪಡೆದರು. ಉಳಿದ ಸ್ನಾಯುಗಳನ್ನು ಗಟ್ಟಿ ಮಾಡುವುದಕ್ಕೆ ಜಿಮ್ಮಿಗಿಂತ ಒಳ್ಳೆಯ ಜಾಗ ಇಲ್ಲ. ನಾನು ಭಾರ ಎತ್ತುವುದರ ವಿರೋಧಿಯಲ್ಲ. ನರದ ಪೆಟ್ಟಿನವರು ಹೆದರಿ ವರ್ಷಗಟ್ಟಲೆ ಸೋಫಾದಲ್ಲಿ ಕೂತುಬಿಡುವುದನ್ನೂ ನೋಡುತ್ತೇನೆ, ಅದರಿಂದಲೂ ದೇಹ ಕೆಡುತ್ತದೆ. ಆ ನೆರೂಳಿನ ಹುಡುಗ ಬ್ರೇಸ್ ಹಾಕಿಕೊಂಡು, ಒಂದೊಂದೇ ಕಾಲಿನ ವ್ಯಾಯಾಮದಿಂದ ಮರಳಿ ಈಗ ಸ್ಕ್ವಾಟ್ ಮಾಡುತ್ತಿದ್ದಾನೆ, ಹಳೆಯ ಭಾರಕ್ಕಿಂತ ಕಡಿಮೆ, ಆದರೆ ಎರಡೂ ಕಾಲಲ್ಲಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಜಿಮ್ಮಿನ ಪ್ರವೇಶ ಫಾರಂನಲ್ಲಿ ಒಂದು ಸಾಲು ಸೇರಿಸಿ: ಕೈಕಾಲಿನಲ್ಲಿ ಜೋಮು, ಚಳುಕು, ದೌರ್ಬಲ್ಯ ಯಾವತ್ತಾದರೂ ಇತ್ತೇ? ಹೌದು ಎಂದವರಿಗೆ ಮೊದಲ ದಿನವೇ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ, ಕೈ ಪರೀಕ್ಷಿಸಿ, ಬರೆದಿಡಿ. ನಮ್ಮ ಕರ್ನಾಟಕ ಸಂಘಗಳು, ಜಾತಿ ಸಂಘಟನೆಗಳು ವೈದ್ಯಕೀಯ ಶಿಬಿರ ನಡೆಸುವಾಗ ಬಿಪಿ, ಶುಗರ್ ನೋಡುವ ಮೇಜಿನ ಪಕ್ಕ ಇದಕ್ಕೂ ಒಂದು ಮೇಜು ಹಾಕಲು ಪದಾಧಿಕಾರಿಗಳನ್ನು ಕೇಳಿ. ಪರೀಕ್ಷೆ ಮಾಡುವ ಕ್ರಮ ಕಲಿಯಬೇಕೆನ್ನುವ ತರಬೇತುದಾರರು ಹತ್ತಿರದ ಯಾವ ಫಿಸಿಯೋಥೆರಪಿಸ್ಟರನ್ನಾದರೂ ಒಂದು ಭಾನುವಾರ ಜಿಮ್ಮಿಗೆ ಕರೆಸಿಕೊಳ್ಳಿ. ಕರೆದರೆ ನಾನೂ ಬರುತ್ತೇನೆ.

ಇಂತು ನಿಮ್ಮ ಅಕ್ಕ,
ಡೊಂಬಿವಲಿ ಪೂರ್ವದ ಒಬ್ಬ ಫಿಸಿಯೋಥೆರಪಿಸ್ಟ್